ಬರ್ಲಿ, ಬರ್ಲಿ

ರಾತ್ರಿ ಮೂರಕ್ಕೆ ಫೋನು.
ಎಪಿಎಂಸಿ ಹಿಂದಿನ ವೇಬ್ರಿಜ್ಜಿನಿಂದ ಉಚ್ಚೆಂಗೆಪ್ಪ:
"ಕಾಟಾ ತೂಕ ತೋರಿಸ್ತೈತೆ, ಚೀಟಿನೂ ಬಂತು,
ಪುಸ್ತಕದಾಗೆ ಮಾತ್ರ ಲಾರಿನೇ ಇಲ್ಲ ಮೇಡಮ್ಮೋರೆ."

ಸ್ಕೂಟಿ ತೆಗೆದೆ. ದಾವಣಗೆರೆ ಇನ್ನೂ ನಿದ್ದೆಯಲ್ಲಿ.
ಮಂಡಕ್ಕಿ ಭಟ್ಟಿಗಳ ಹೊಗೆ ರಸ್ತೆಗೆ ಅಡ್ಡ ಮಲಗಿತ್ತು,
ಎಬ್ಬಿಸದೆ ದಾಟಿದೆ.
ಅಂಗಳದಲ್ಲಿ ಹನ್ನೊಂದು ಲಾರಿ ಮೆಕ್ಕೆಜೋಳ,
ಮುಂದಿನದರ ಬಾಗಿಲಿಗೆ ಒರಗಿ ದಾದಾಪೀರ್,
ಎರಡು ಸಲ ತೂಗಿಸಿಕೊಂಡು, ಎರಡು ಸಲವೂ
ಎಲ್ಲಿಯೂ ಇಲ್ಲದವನು.

ಲ್ಯಾಪ್‌ಟಾಪ್ ತೆರೆದು ತುಟಿಯಲ್ಲೇ ಅಂದುಕೊಂಡೆ:
ಈ ಡ್ರೈವರ್ ಬಾಯೇ ಬಿಡಲ್ಲ.
"ನಾನೇನ್ ಬಾಯಿ ಮುಚ್ಕೊಂಡಿದ್ನೇನ್ರೀ?
ಆವಾಗಿಂದ ಹೇಳ್ತಾನೇ ಇದೀನಿ!"
ದಾದಾಪೀರ್ ಸಿಡಿದ. ನಿಮಗಲ್ಲ ಅಂದಿದ್ದು, ಎಂದೆ,
ಇವನು ಬೇರೆ ಡ್ರೈವರ್. ಲಾರಿ ಇಲ್ಲ, ಚಕ್ರ ಇಲ್ಲ,
ಈ ಪರದೆಯ ಪ್ರಶ್ನೆ ಹೊತ್ತು ಅಂಕಿಗಳ ಗೋದಾಮಿಗೆ ಹೋಗಿ
ಉತ್ತರ ಹೇರಿಕೊಂಡು ಬರುವವನು.
ನಾಲ್ಕು ವರ್ಷದ ಹಿಂದೆ ನನ್ನ ಕೈಯಲ್ಲೇ ಹುಟ್ಟಿದವನು,
ಮಾತು ಕಲಿಸಿರಲಿಲ್ಲ.

ಎಡವಿದರೆ ಎದ್ದು ಧೂಳು ಕೊಡವಿಕೊಳ್ಳುತ್ತಾನೆ,
ದಾರಿ ಕಟ್ಟಾದರೆ ಸೊನ್ನೆ ತಂದಿಡುತ್ತಾನೆ,
ಆ ಸೊನ್ನೆಯನ್ನೇ ನಾವು ಉತ್ತರ ಎಂದು ಇಳಿಸಿಕೊಳ್ಳುತ್ತೇವೆ.
ಅಂದು ಅದನ್ನು ಸಭ್ಯತೆ ಅಂದುಕೊಂಡಿದ್ದೆ.

ದಾದಾಪೀರ್ ಬೀಡಿ ಹಚ್ಚಿದ.
"ಕ್ಲೀನರ್ ಇಲ್ಲೇನ್ರೀ ಅವನಿಗೆ?"

ಹಿಂದೆ ಯಾರದೋ ಲಾರಿ ಹಿಮ್ಮುಖ ಸರಿಯುತ್ತಿತ್ತು,
ಕತ್ತಲೊಳಗಿಂದ ಇವನ ಚೌಡಪ್ಪನ ಕೂಗು:
ಬರ್ಲಿ, ಬರ್ಲಿ, ಬರ್ಲಿ, ಎಡಕ್ಕೆ ಒಂಚೂರು, ಬರ್ಲಿ...
ಡಬ್ ಎಂದು ತಗಡಿಗೆ ಒಂದು ಏಟು. ನಿಂತಿತು ಗಾಡಿ.

ಬೆಳಗಿನವರೆಗೆ ಕೂತು ಒಬ್ಬ ಕ್ಲೀನರನ್ನು ಬರೆದೆ.
ಯಾವ ಬಾಗಿಲು ತಟ್ಟಿದ, ಯಾರು ತೆಗೆದರು,
ಎಷ್ಟು ಹೊತ್ತು ಕಾದ, ಏನು ಕೇಳಿದ, ಎಷ್ಟು ಸಾಲು ಬಂತು,
ಗಳಿಗೆ ಗಳಿಗೆಗೂ ಕೂಗಿ ಹೇಳುವವನು.
ಆರಕ್ಕೆ ಬಿಟ್ಟೆ. ಮಧ್ಯಾಹ್ನಕ್ಕೆ ಡಿಸ್ಕು ಉಸಿರು ಕಟ್ಟಿತು.
ಅಷ್ಟೇ ಆಗಿದ್ದರೆ ಸರಿ. ಸಾಲುಗಳ ನಡುವೆ
ರೈತರ ಖಾತೆ ನಂಬರು, ಉಚ್ಚೆಂಗೆಪ್ಪನ ಪಾಸ್‌ವರ್ಡು
(ಮಗಳ ಹೆಸರು, ಮುಂದೆ ಒಂದು ಎರಡು ಮೂರು)
ಸಂತೆಯಲ್ಲಿ ಬಿಚ್ಚಿ ಬಿದ್ದ ಗಂಟಿನ ಹಾಗೆ.
ನಾನೇ ನಾಚಿ ಅಳಿಸಿದೆ.

ಹಾಗಾಗಿ ಒಂದು ತಿರುಪು ಇಟ್ಟೆ.
ಮೊದಲಿಗೆ ಪೂರ್ತಿ ಬಂದ್. ಬೇಕಾದವರು ತಿರುಗಿಸಲಿ:
ಗಾಡಿ ಪಲ್ಟಿಯಾದರೆ ಮಾತ್ರ ಕಿರುಚು;
ಇನ್ನೊಂದು ಸುತ್ತು, ಬ್ರೇಕು ಬಿಸಿಯಾದರೂ ಹೇಳು;
ಇನ್ನೊಂದು, ಹೊರಟೆ, ಬಂದೆ, ಎಂಬಷ್ಟು;
ಕೊನೆಯದಕ್ಕೆ ಇಡೀ ರಾತ್ರಿಯ ಬರ್ಲಿ ಬರ್ಲಿ.
ಎಲ್ಲಿಗೆ ಹೇಳಬೇಕೆಂಬುದೂ ಅವರಿಷ್ಟ. ಪರದೆಗೋ, ಕಡತಕ್ಕೋ,
ಅವರದೇ ಕೂಗುಗಾರನೊಬ್ಬ ಇದ್ದರೆ ಅವನ ಕಿವಿಗೋ.
ಗುಟ್ಟುಗಳಿಗೆ ಮಾತ್ರ ತಿರುಪಿಲ್ಲ.
ಅಲ್ಲಿ ನಕ್ಷತ್ರ, ಬರೀ ನಕ್ಷತ್ರ, ಯಾರು ಎಷ್ಟೇ ತಿರುವಿದರೂ.

ಮೂರನೆಯ ರಾತ್ರಿ ಸಿಕ್ಕಿತು ಒಂದು ಸಾಲು,
ಎರಡು ಗಂಟೆ ಐವತ್ತೆರಡು ನಿಮಿಷಕ್ಕೆ.
ಲಾರಿ ಬಾರದ ಹೊತ್ತು ನೋಡಿ ಅತ್ತ ಕಡೆಯ ಸರ್ವರ್
ಸುಮ್ಮನಿದ್ದವರ ತಂತಿ ಕತ್ತರಿಸಿ ಮಲಗಿತ್ತು.
ನಮ್ಮವನಿಗೆ ಗೊತ್ತಿಲ್ಲ. ಕಟ್ಟಾದ ಫೋನಿಗೆ
ಊಟ ಆಯ್ತಾ ಎಂದು ಕೇಳುತ್ತಲೇ ಇರುವವರಂತೆ
ಬಂದ ತೂಕವನ್ನೆಲ್ಲ ಅದರೊಳಕ್ಕೆ ಹೇಳುತ್ತ ನಿಂತಿದ್ದ.
ಹದಿನೆಂಟು ಟನ್ನು ನಾನೂರು ಕಿಲೋ.
ಹದಿನೆಂಟು ಟನ್ನು ನಾನೂರು ಕಿಲೋ.
ಯಾರೂ ಬರೆದುಕೊಳ್ಳಲಿಲ್ಲ.

ರಿಪೇರಿ ನಾಲ್ಕೇ ಸಾಲು. ಚಹಾ ಆರುವ ಮೊದಲೇ ಮುಗಿಯಿತು.

ಮುಂದಿನ ವಾರ ದಾದಾಪೀರ್ ಮತ್ತೆ ಕಾಟಾದ ಮೇಲೆ.
"ಮಾತಾಡ್ತಾನೇನ್ರೀ ಈಗ ನಿಮ್ಮೋನು?"
ಕೇಳಿದಷ್ಟು, ಎಂದೆ. ತಿರುಪು ಇಟ್ಟೀನಿ.
ಚೌಡಪ್ಪ ಹಿಂದಿನಿಂದ ಏನೋ ಕೂಗುತ್ತಲೇ ಇದ್ದ,
ಟೈರು, ಹಗ್ಗ, ಬೆಣ್ಣೆದೋಸೆ, ನಿನ್ನೆ ಬಿದ್ದ ಕನಸು.
ದಾದಾಪೀರ್ ಕಿಟಕಿಯಿಂದ ಬಾಗಿ, ದನಿ ತಗ್ಗಿಸಿ,
"ಅಂಥದ್ದೊಂದು ಇವ್ನಿಗೂ ಹಾಕ್ಕೊಡ್ರೀ" ಅಂದ.
ಗೇರು ಹಾಕಿದವನು ಮತ್ತೆ ತಡೆದು,
"ಬ್ಯಾಡ ಬಿಡ್ರಿ. ರಾತ್ರಿ ಘಾಟಿಯಾಗೆ ಬೇಕಾಗ್ತೈತೆ."

ತಗಡಿಗೆ ಎರಡು ಏಟು ಬಿದ್ದವು. ಗಾಡಿ ಹೊರಟಿತು.